ಟೆಸ್ಟ್ ಪಾಸಾದ ಗೋ ಪ್ರೋಗ್ರಾಮ್ ಬೆಳಗಿನ ಜಾವ ಯಾಕೆ ಬೀಳುತ್ತದೆ?

ಪ್ರಶ್ನೆ: ಮೇಡಂ, ನನ್ನದು ಪಾಂಡವಪುರ. ಮೈಸೂರಿನ ಒಂದು ಚಿಕ್ಕ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಐದು ವರ್ಷ ಜಾವಾ ಬರೆದೆ. ಈಗ ಎಂಟು ತಿಂಗಳಿಂದ ಗೋ ಭಾಷೆ. ಹಾಲಿನ ಡೇರಿಗಳ ಲೆಕ್ಕ ಇಡುವ ಸರ್ವರ್ ನಮ್ಮದು. ಭಾಷೆ ಎರಡೇ ವಾರಕ್ಕೆ ಕೈಗೆ ಬಂತು. ಕಂಪೈಲ್ ಆಗುತ್ತದೆ, ಟೆಸ್ಟ್ ಪಾಸಾಗುತ್ತದೆ. ಆದರೆ ವಾರಕ್ಕೊಮ್ಮೆಯಾದರೂ ಬೆಳಗಿನ ಜಾವ ಸರ್ವರ್ ಬೀಳುತ್ತದೆ. ಬೀಳದ ದಿನ ಮೆಮೊರಿ ಏರುತ್ತಲೇ ಹೋಗುತ್ತದೆ. ಗೋದಲ್ಲಿ ಎಲ್ಲರೂ ಮಾಡುವ ತಪ್ಪುಗಳು ಯಾವುವು? ತಪ್ಪಿಸುವುದು ಹೇಗೆ? ಇನ್ನೊಂದು ಸಣ್ಣ ಪ್ರಶ್ನೆ: ವೇರಿಯೇಬಲ್‌ಗಳಿಗೆ ಕನ್ನಡದಲ್ಲೇ ಹೆಸರು ಇಡಬಹುದಾ?

ಉತ್ತರ: "ಎರಡೇ ವಾರಕ್ಕೆ ಕೈಗೆ ಬಂತು" ಎಂದು ಬರೆದಿದ್ದೀರಲ್ಲ, ತೊಂದರೆಯ ಬುಡ ಅಲ್ಲೇ ಇದೆ. ಬೈದೆ ಎಂದುಕೊಳ್ಳಬೇಡಿ. ನನಗೂ ಹಾಗೇ ಆಗಿತ್ತು. ಗೋದಲ್ಲಿ ಇರುವುದು 25 ಕೀವರ್ಡ್ ಮಾತ್ರ. 2007ರಲ್ಲಿ ಗೂಗಲ್‌ನಲ್ಲಿ ರಾಬರ್ಟ್ ಗ್ರೀಸ್‌ಮರ್, ರಾಬ್ ಪೈಕ್, ಕೆನ್ ಥಾಂಪ್ಸನ್ ಮೂವರೂ ಕೂತು ಇದನ್ನು ಶುರು ಮಾಡಿದಾಗಲೇ ಭಾಷೆ ಚಿಕ್ಕದಾಗಿರಲಿ ಎಂದು ಹಟ ಹಿಡಿದಿದ್ದರು. ಚಿಕ್ಕ ಭಾಷೆ ಬೇಗ ಬರುತ್ತದೆ. ಆದರೆ ಭಾಷೆ ಮಾಡದೆ ಬಿಟ್ಟ ಕೆಲಸ ನಮ್ಮ ತಲೆ ಮೇಲೆ ಬರುತ್ತದೆ. ಬಳಸದ ಒಂದು ಇಂಪೋರ್ಟ್ ಉಳಿದಿದ್ದರೆ ಗೋ ಕಂಪೈಲರ್ ಮುಂದಕ್ಕೇ ಬಿಡುವುದಿಲ್ಲ. ಅದೇ ಎರಡು ಗೋರೂಟೀನ್ (ಒಂದರ ಜೊತೆಗೇ ಇನ್ನೊಂದು ನಡೆಯುವ ಕೆಲಸದ ಎಳೆಗಳು) ಒಂದೇ ಮ್ಯಾಪ್‌ಗೆ (ಹೆಸರು ಕೊಟ್ಟರೆ ಅದರ ಬೆಲೆ ಕೊಡುವ ಪಟ್ಟಿಗೆ) ಒಟ್ಟಿಗೆ ಕೈ ಹಾಕಲಿ, ಅದು ತುಟಿ ಪಿಟಕ್ಕೆನ್ನುವುದಿಲ್ಲ.

ತಪ್ಪುಗಳ ಉದ್ದ ಪಟ್ಟಿ ಕೊಟ್ಟರೆ ನೀವು ಓದಿ ಮರೆಯುತ್ತೀರಿ. ಅದಕ್ಕೆ ಎರಡು ಪ್ರಶ್ನೆ ಹೇಳುತ್ತೇನೆ. ಕೋಡಿನ ಯಾವ ಸಾಲು ಕಂಡರೂ ಕೇಳಿಕೊಳ್ಳಿ: ಇದು ಯಾರದ್ದು? ಇದು ಯಾವಾಗ ಮುಗಿಯುತ್ತದೆ? ಗೋದಲ್ಲಿ ನಾನು ಕಂಡ ದೊಡ್ಡ ಗೋಳುಗಳಲ್ಲಿ ಮುಕ್ಕಾಲು ಪಾಲು ಈ ಎರಡರಲ್ಲಿ ಒಂದಕ್ಕೆ ಉತ್ತರ ಇಲ್ಲದ್ದರಿಂದ ಆದದ್ದು.

ನಿಮ್ಮ ಸರ್ವರ್‌ಗೆ ಎರಡು ಬೇರೆ ಬೇರೆ ಕಾಯಿಲೆ ಇವೆ. ಬೀಳುವುದು ಒಂದು, ಊದಿಕೊಳ್ಳುವುದು ಇನ್ನೊಂದು.

ಬಿದ್ದ ದಿನದ ಲಾಗ್ ತೆಗೆದು ನೋಡಿ. "ಫೇಟಲ್ ಎರರ್: ಕನ್‌ಕರೆಂಟ್ ಮ್ಯಾಪ್ ರೈಟ್ಸ್" ಎಂಬ ಸಾಲು ಇರುತ್ತದೆ ಎಂದು ನನ್ನ ಅಂದಾಜು. ಒಂದು ಗೋರೂಟೀನ್ ಮ್ಯಾಪ್‌ಗೆ ಬರೆಯುತ್ತಿರುವಾಗ ಇನ್ನೊಂದು ಅದನ್ನೇ ಓದಿದರೂ ಸರಿ, ಬರೆದರೂ ಸರಿ, ತಪ್ಪೇ. ರನ್‌ಟೈಮ್ ಅದನ್ನು ಕಂಡರೆ ಇಡೀ ಪ್ರೋಗ್ರಾಮನ್ನೇ ನಿಲ್ಲಿಸಿಬಿಡುತ್ತದೆ. ಇದು ಮಾಮೂಲಿ ಪ್ಯಾನಿಕ್ (ಓಡುತ್ತಿರುವಾಗಲೇ ಕುಸಿಯುವುದು) ಅಲ್ಲ, ಪ್ಯಾನಿಕ್ ತಡೆಯುವ ರಿಕವರ್ ಹಾಕಿ ಹಿಡಿಯಲು ಬರುವುದಿಲ್ಲ. ಪ್ರತಿ ಸಲವೂ ಅದರ ಕಣ್ಣಿಗೆ ಬೀಳುತ್ತದೆ ಎಂದೂ ಇಲ್ಲ. ಬೆಳಗಿನ ಜಾವವೇ ಯಾಕೆ ಅಂದರೆ, ಹಳ್ಳಿಹಳ್ಳಿಯ ಡೇರಿಗಳೆಲ್ಲ ಬಾಗಿಲು ತೆಗೆಯುವುದು ಆಗಲೇ ಅಲ್ವಾ? ಎಲ್ಲ ಕಡೆಯಿಂದ ಒಂದೇ ಸಲ ಲೀಟರು, ಫ್ಯಾಟು ಬಂದು ಬೀಳುತ್ತವೆ. ನಿಮ್ಮ ಆಫೀಸಿನಲ್ಲಿ ಮಧ್ಯಾಹ್ನ ಮೂರಕ್ಕೆ ಒಬ್ಬರೇ ಕೂತು ಟೆಸ್ಟ್ ಮಾಡಿದರೆ ಆ ನೂಕುನುಗ್ಗಲು ಎಲ್ಲಿಂದ ಬರಬೇಕು?

ಮದ್ದು ಸರಳ. ಆ ಮ್ಯಾಪ್ ಮತ್ತು ಒಂದು ಮ್ಯೂಟೆಕ್ಸ್ (ಒಂದು ಸಲಕ್ಕೆ ಒಬ್ಬರನ್ನೇ ಒಳಗೆ ಬಿಡುವ ಬೀಗ) ಎರಡನ್ನೂ ಒಂದೇ ಸ್ಟ್ರಕ್ಟ್ ಒಳಗೆ ಇಡಿ. ಮ್ಯಾಪ್ ಮುಟ್ಟುವ ದಾರಿ ಆ ಸ್ಟ್ರಕ್ಟ್‌ನ ಮೆಥಡ್‌ಗಳು ಮಾತ್ರ ಆಗಿರಲಿ. ಬೇರೆ ಯಾರೂ ನೇರವಾಗಿ ಕೈ ಹಾಕಬಾರದು. ಇಲ್ಲಿ ಒಂದು ಒಳಗುಂಡಿ ಇದೆ. ಆ ಮೆಥಡ್‌ಗಳು ಪಾಯಿಂಟರ್ (ಸ್ಟ್ರಕ್ಟ್ ಇರುವ ಜಾಗದ ವಿಳಾಸ) ಮೇಲೆ ಇರಬೇಕು. ಪಾಯಿಂಟರ್ ಇಲ್ಲದೆ ಬರೆದರೆ ಪ್ರತಿ ಸಲವೂ ಸ್ಟ್ರಕ್ಟ್‌ನ ಜೊತೆ ಬೀಗವೂ ನಕಲಾಗುತ್ತದೆ. ಒಂದೇ ಮನೆ, ಬಂದವರಿಗೆಲ್ಲ ಒಂದೊಂದು ಹೊಸ ಬೀಗ! ಗೋ ವೆಟ್ ಎಂಬ ತಪಾಸಣೆ ಓಡಿಸಿದರೆ ಇದನ್ನು ಹಿಡಿದು ಹೇಳುತ್ತದೆ. ಜಾವಾದಿಂದ ಬಂದವರು ಸಿಂಕ್ ಪ್ಯಾಕೇಜಿನ ರೆಡಿಮೇಡ್ ಮ್ಯಾಪ್ ಕಂಡ ಕೂಡಲೇ ಅದಕ್ಕೆ ಓಡುತ್ತಾರೆ. ಅದು ಒಮ್ಮೆ ಬರೆದು ನೂರು ಸಲ ಓದುವಂಥ ಕೆಲವು ಕೆಲಸಕ್ಕೆ ಮಾಡಿದ್ದು. ನಿಮಗೆ ಮಾಮೂಲಿ ಮ್ಯಾಪ್ ಮತ್ತು ಮ್ಯೂಟೆಕ್ಸ್ ಸಾಕು.

ಲಾಗ್‌ನಲ್ಲಿ ಆ ಸಾಲು ಇಲ್ಲದಿದ್ದರೆ ಎರಡನೆಯ ಅನುಮಾನ: ಒಳಗಿನ ಗೋರೂಟೀನ್‌ನಲ್ಲಿ ಪ್ಯಾನಿಕ್. ಗೋದ ಎಚ್‌ಟಿಟಿಪಿ ಸರ್ವರ್ ಒಂದು ರಿಕ್ವೆಸ್ಟ್‌ನಲ್ಲಿ ಪ್ಯಾನಿಕ್ ಆದರೆ ತಾನೇ ಹಿಡಿದುಕೊಂಡು ಮಿಕ್ಕವರನ್ನು ಉಳಿಸುತ್ತದೆ. ಇದನ್ನು ಕಂಡು ನಾವು ನಿಶ್ಚಿಂತೆಯಾಗಿ ಇರುತ್ತೇವೆ. ಆದರೆ ಆ ರಿಕ್ವೆಸ್ಟ್ ನೋಡಿಕೊಳ್ಳುವ ಫಂಕ್ಷನ್, ಅಂದರೆ ಹ್ಯಾಂಡ್ಲರ್, ಒಳಗಿಂದ ನೀವು ಎಸ್‌ಎಂಎಸ್ ಕಳಿಸಲು ಇನ್ನೊಂದು ಗೋರೂಟೀನ್ ಬಿಟ್ಟಿದ್ದರೆ, ಅದಕ್ಕೆ ಈ ರಕ್ಷಣೆ ಇಲ್ಲ. ರಿಕವರ್ ಕೆಲಸ ಮಾಡುವುದು ಪ್ಯಾನಿಕ್ ಆದ ಅದೇ ಗೋರೂಟೀನ್‌ನಲ್ಲಿ ಮಾತ್ರ. ಒಬ್ಬ ರೈತರ ಫೋನ್ ನಂಬರ್ ಖಾಲಿ ಇದ್ದದ್ದಕ್ಕೆ ಎಲ್ಲ ಊರುಗಳ ಲೆಕ್ಕ ನಿಲ್ಲುತ್ತದೆ. ಹಾಗಂತ ಎಲ್ಲ ಕಡೆ ರಿಕವರ್ ಮೆತ್ತಬೇಡಿ. ಅದು ಜಾವಾದ ಟ್ರೈ-ಕ್ಯಾಚ್ ಅಲ್ಲ. ಗೋರೂಟೀನ್ ಬಿಡುವ ಜಾಗಗಳನ್ನು ಕಡಿಮೆ ಮಾಡಿ, ಅಲ್ಲಿ ಮಾತ್ರ ಹಾಕಿ.

ಇನ್ನು ಊದಿಕೊಳ್ಳುವ ಕಾಯಿಲೆ. "ಯಾವಾಗ ಮುಗಿಯುತ್ತದೆ" ಎಂಬ ಪ್ರಶ್ನೆ ಇಲ್ಲಿ ಬರುತ್ತದೆ. ಚಾನಲ್ ಅಂದರೆ ಗೋರೂಟೀನ್‌ಗಳ ನಡುವೆ ಮಾಹಿತಿ ದಾಟಿಸುವ ದಾರಿ. ಬಫರ್ (ಇಟ್ಟು ಹೋಗುವ ಜಾಗ) ಇಲ್ಲದ ಚಾನಲ್ ಅಂದರೆ ಕೈಯಿಂದ ಕೈಗೆ ಕ್ಯಾನು ದಾಟಿಸಿದ ಹಾಗೆ. ಲಾರಿ ಮೇಲಿನವನು ಕೈ ಚಾಚುವ ತನಕ ಕೆಳಗಿನವನು ಕ್ಯಾನು ಹೊತ್ತು ನಿಂತೇ ಇರಬೇಕು. ನೀವು ಬಹುಶಃ ಹೀಗೆ ಬರೆದಿದ್ದೀರಿ: ಎಸ್‌ಎಂಎಸ್ ಕಂಪನಿಯನ್ನು ಕರೆಯಲು ಒಂದು ಗೋರೂಟೀನ್, ಉತ್ತರ ತರಲು ಒಂದು ಚಾನಲ್, 3 ಸೆಕೆಂಡಿನಲ್ಲಿ ಬರದಿದ್ದರೆ ಟೈಮೌಟ್. ಟೈಮೌಟ್ ಆಯಿತು, ಕಾಯುತ್ತಿದ್ದವನು ಹೊರಟು ಹೋದ. 5ನೇ ಸೆಕೆಂಡಿಗೆ ಉತ್ತರ ಬಂತು. ಪಾಪ, ಆ ಗೋರೂಟೀನ್ ಕ್ಯಾನು ಎತ್ತಿ ಹಿಡಿದು ನಿಂತಿದೆ. ಲಾರಿ ಹೋಗಿ ಆಗಿದೆ. ಅದು ಸರ್ವರ್ ಬೀಳುವ ತನಕ ಹಾಗೇ ನಿಂತಿರುತ್ತದೆ. ಹೀಗೆ ನಿಂತ ಗೋರೂಟೀನ್‌ಗಳನ್ನು ಗಾರ್ಬೇಜ್ ಕಲೆಕ್ಟರ್ ಗುಡಿಸುವುದಿಲ್ಲ. ಒಂದೊಂದರ ಸ್ಟ್ಯಾಕ್ ಸುಮಾರು 2 ಕಿಲೋಬೈಟ್‌ನಿಂದ ಶುರುವಾಗುತ್ತದೆ, ಅಷ್ಟೇನಾ ಅನಿಸುತ್ತದೆ. ಅದು ಹಿಡಿದುಕೊಂಡಿರುವ ರಿಕ್ವೆಸ್ಟ್, ಬಫರ್, ಕನೆಕ್ಷನ್ ಎಲ್ಲ ಸೇರಿಸಿ ಲೆಕ್ಕ ಹಾಕಿ.

ಚಾನಲ್‌ಗೆ 1ರ ಬಫರ್ ಕೊಟ್ಟರೆ ಈ ಒಂದು ಸೋರಿಕೆ ನಿಲ್ಲುತ್ತದೆ. ಕ್ಯಾನು ಕಟ್ಟೆ ಮೇಲಿಟ್ಟು ಹೋಗಬಹುದು. ಪೂರ್ತಿ ಮದ್ದು ಕಾಂಟೆಕ್ಸ್ಟ್, ಅಂದರೆ "ಸಾಕು, ನಿಲ್ಲಿಸು" ಎಂಬ ಸುದ್ದಿ ಒಯ್ಯುವ ವಸ್ತು. ಹೊರಗಿನವರು ಬಿಟ್ಟು ಹೋದರೆ ಒಳಗಿನ ಕರೆಯೂ ನಿಲ್ಲುವ ಹಾಗೆ ಅದನ್ನು ಕೊನೆಯ ತನಕ ದಾಟಿಸಿ. ಗೋದ ಡೀಫಾಲ್ಟ್ ಎಚ್‌ಟಿಟಿಪಿ ಕ್ಲೈಂಟ್‌ಗೆ ಟೈಮೌಟ್ ಇಲ್ಲವೇ ಇಲ್ಲ, ಇದು ನೆನಪಿರಲಿ. ಆ ಕಡೆಯವರು ಉತ್ತರ ಕೊಡದಿದ್ದರೆ ನೀವು ಸುಮ್ನೆ ಕಾಯುತ್ತಾ ಕೂರಬೇಕು. ನಿಮ್ಮದೇ ಕ್ಲೈಂಟ್ ಮಾಡಿ, ಟೈಮೌಟ್ ಹಾಕಿ. ಉತ್ತರದ ಬಾಡಿಯನ್ನು ಪೂರ್ತಿ ಓದಿ ಮುಚ್ಚಿ. ಮತ್ತೆ ನಿಮಿಷಕ್ಕೊಮ್ಮೆ ಗೋರೂಟೀನ್‌ಗಳ ಲೆಕ್ಕವನ್ನು ಲಾಗ್ ಮಾಡಿ. ಹಾಲಿನ ಹೊತ್ತು ಮುಗಿದ ಮೇಲೂ ಲೆಕ್ಕ ಇಳಿಯದಿದ್ದರೆ ಸೋರಿಕೆ ಖಚಿತ. ಆಮೇಲೆ ಗೋದ ಪಿಪ್ರಾಫ್ ಎಂಬ ತಪಾಸಣೆಯ ಸಾಧನ ತೆರೆದರೆ ಯಾವ ಸಾಲಿನಲ್ಲಿ ಎಷ್ಟು ನಿಂತಿವೆ ಎಂದು ತೋರಿಸುತ್ತದೆ.

ಲೂಪ್ ಒಳಗಿನ ಡಿಫರ್ (ಫೈಲ್ ಮುಚ್ಚುವಂಥ ಕೆಲಸವನ್ನು ಕೊನೆಗೆ ಇಡುವ ಆಜ್ಞೆ) ಕೂಡ ಇದೇ ಜಾತಿ. ಡಿಫರ್ ನಡೆಯುವುದು ಫಂಕ್ಷನ್ ಮುಗಿದಾಗ, ಲೂಪ್‌ನ ಸುತ್ತು ಮುಗಿದಾಗ ಅಲ್ಲ. ಸಾವಿರ ಡೇರಿಗಳ ಫೈಲ್ ತೆರೆದರೆ ಸಾವಿರವೂ ಕೊನೆಯ ತನಕ ತೆರೆದೇ ಇರುತ್ತವೆ. ಒಳಗಿನ ಕೆಲಸವನ್ನು ಬೇರೆ ಫಂಕ್ಷನ್ ಮಾಡಿ, ಮುಗಿಯಿತು.

ಈಗ ಸ್ಲೈಸ್, ಅಂದರೆ ಗೋದಲ್ಲಿ ಪಟ್ಟಿ ಇಡುವ ರೀತಿ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಇದು ಸರ್ವರನ್ನು ಬೀಳಿಸುವುದಿಲ್ಲ, ಲೆಕ್ಕವನ್ನು ಕೆಡಿಸುತ್ತದೆ. ಅದು ಇನ್ನೂ ಕೆಟ್ಟದ್ದು. ಸ್ಲೈಸ್ ಅಂದರೆ ಜಮೀನಲ್ಲ, ಪಹಣಿ. ಆ ಕಾಗದದಲ್ಲಿ ಮೂರೇ ವಿಷಯ: ಜಮೀನು ಎಲ್ಲಿಂದ ಶುರು, ಈಗ ಎಷ್ಟು ನಿಮ್ಮದು, ಎಲ್ಲಿಯ ತನಕ ಚಾಚಬಹುದು. ಪಹಣಿಯ ಜೆರಾಕ್ಸ್ ಮಾಡಿಸಿದರೆ ಜಮೀನು ಎರಡಾಗುತ್ತದಾ? ಫಂಕ್ಷನ್‌ಗೆ ಸ್ಲೈಸ್ ಕೊಟ್ಟಾಗ ಹೋಗುವುದು ಜೆರಾಕ್ಸ್. ಉಳುವುದು ಅದೇ ಹೊಲ.

ಒಂದು ಉದಾಹರಣೆ. ಜಾಸ್ತಿ ಹಾಲು ಹಾಕಿದವರ ಕ್ರಮದಲ್ಲಿ ಹತ್ತು ರೈತರ ಪಟ್ಟಿ ಇದೆ. ಬಹುಮಾನಕ್ಕೆ ಮೊದಲ ಮೂವರನ್ನು ಕತ್ತರಿಸಿಕೊಂಡಿರಿ. ಆ ಮೂವರ ಪಟ್ಟಿಗೆ, ವಿಶೇಷ ಬಹುಮಾನ ಎಂದು, ಇನ್ನೊಬ್ಬರನ್ನು ಅಪೆಂಡ್ ಮಾಡಿದಿರಿ. ಚಿಕ್ಕ ಪಟ್ಟಿಯ ಪಹಣಿ ಪ್ರಕಾರ ಮುಂದೆ ಇನ್ನೂ ಏಳು ಜಾಗ ಚಾಚಬಹುದು. ಹಾಗಾಗಿ ಗೋ ಹೊಸ ಜಾಗ ತೆಗೆದುಕೊಳ್ಳುವುದಿಲ್ಲ. ಮೂಲ ಪಟ್ಟಿಯ ನಾಲ್ಕನೆಯವರ ಜಾಗದಲ್ಲೇ ಬರೆಯುತ್ತದೆ. ನಾಲ್ಕನೆಯವರು ಮಾಯ! ಎರರ್ ಇಲ್ಲ, ಲಾಗ್ ಇಲ್ಲ. ಬಟವಾಡೆ ದಿನ ಅವರು ಬಂದು "ನನ್ನ ದುಡ್ಡು ಎಲ್ಲಿ" ಎಂದಾಗಲೇ ಗೊತ್ತಾಗುವುದು. ತಮಾಷೆ ಅಂದರೆ, ಪಟ್ಟಿಯಲ್ಲಿ ಒಟ್ಟು ಮೂರೇ ಜನಕ್ಕೆ ಜಾಗವಿದ್ದರೆ ಇದೇ ಕೋಡ್ ಸರಿಯಾಗಿ ನಡೆಯುತ್ತದೆ, ಏಕೆಂದರೆ ಆಗ ಅಪೆಂಡ್ ಬೇರೆ ಜಾಗಕ್ಕೆ ನಕಲು ಮಾಡಿಕೊಂಡು ಹೋಗುತ್ತದೆ. ಟೆಸ್ಟ್‌ನಲ್ಲಿ ನಾವು ಬರೆಯುವುದು ಮೂರೇ ಜನರನ್ನು.

ಕತ್ತರಿಸಿದ ತುಂಡು ನಿಮ್ಮದೇ ಆಗಬೇಕಿದ್ದರೆ ನಕಲು ಮಾಡಿಕೊಳ್ಳಿ. ಗೋ ಆವೃತ್ತಿ 1.21ರಿಂದ ಸ್ಲೈಸಸ್ ಪ್ಯಾಕೇಜಿನಲ್ಲಿ ಕ್ಲೋನ್ ಇದೆ. ಇಲ್ಲದಿದ್ದರೆ ಕತ್ತರಿಸುವಾಗಲೇ ಮೂರನೆಯ ಅಂಕಿ ಕೊಟ್ಟು ಚಾಚುವ ಹಕ್ಕನ್ನು ತೆಗೆದುಬಿಡಿ. ಅಪೆಂಡ್ ಕೊಟ್ಟ ಉತ್ತರವನ್ನು ಅದೇ ವೇರಿಯೇಬಲ್‌ಗೆ ತಿರುಗಿ ಹಾಕುವ ಅಭ್ಯಾಸ ಬಿಡಬೇಡಿ.

ಕಾಲದ ವಿಷಯ ಹೇಳದೆ ಹಾಲಿನ ಲೆಕ್ಕದವರಿಗೆ ಉತ್ತರ ಮುಗಿಸಲಾಗುವುದಿಲ್ಲ. ಇದು ನನ್ನದೇ ತಪ್ಪಿನ ಕಥೆ. ಕೆಲವು ವರ್ಷಗಳ ಹಿಂದೆ ಮಂಡ್ಯ ಕಡೆಯ ಒಂದು ಡೇರಿಯಿಂದ ಫೋನ್ ಬಂತು. "ಮೇಡಂ, ಬೇಗ ಬಂದವರ ಹಾಲೆಲ್ಲ ನಿನ್ನೆ ಲೆಕ್ಕಕ್ಕೆ ಹೋಗ್ತಾ ಇದೆ. ತಡವಾಗಿ ಬಂದವರದ್ದು ಸರಿ ಇದೆ." ಸೆಕ್ರೆಟರಿ ಇನ್ನೂ ಒಂದು ಸುಳಿವು ಕೊಟ್ಟರು: ಐದೂವರೆ ಆದಮೇಲೆ ತಂದವರಿಗೆ ತೊಂದರೆ ಇಲ್ಲ. ಐದೂವರೆ ಅಂದ ಕೂಡಲೇ ನನಗೆ ಬೆವರು ಬಂತು. ಸರ್ವರ್ ಯುಟಿಸಿಯಲ್ಲಿ, ಅಂದರೆ ಜಗತ್ತಿನ ಪ್ರಮಾಣ ಸಮಯದಲ್ಲಿ, ಓಡುತ್ತಿತ್ತು. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಇಲ್ಲಿ ಬೆಳಗ್ಗೆ 5:10 ಆಗಿದ್ದರೆ ಅಲ್ಲಿ ಇನ್ನೂ ಹಿಂದಿನ ರಾತ್ರಿ 11:40.

ಇಷ್ಟು ಎಲ್ಲರಿಗೂ ಗೊತ್ತಿರುವುದೇ. ಬೇಗನೆ ಟೈಮ್‌ಝೋನನ್ನು ಏಷ್ಯಾ/ಕೋಲ್ಕತ್ತಾ ಎಂದು ಹಾಕಿ ಕಳಿಸಿದೆ. ಮಾರನೆಯ ದಿನ ಮತ್ತೆ ಅದೇ ಫೋನ್! ದಿನದ ಆರಂಭ ಕಂಡುಹಿಡಿಯಲು ನಾನು ಟೈಮ್‌ನ ಟ್ರಂಕೇಟ್‌ಗೆ (ಸಮಯವನ್ನು ಕೊಟ್ಟ ಅಳತೆಗೆ ಕೆಳಕ್ಕೆ ಇಳಿಸುವ ಫಂಕ್ಷನ್‌ಗೆ) 24 ಗಂಟೆ ಕೊಟ್ಟಿದ್ದೆ. ಟ್ರಂಕೇಟ್ ನಮ್ಮ ಗೋಡೆ ಗಡಿಯಾರ ನೋಡುವುದಿಲ್ಲ. ಅದು ಯುಟಿಸಿಯ ಶೂನ್ಯದಿಂದ ಎಣಿಸುತ್ತದೆ. ಝೋನ್ ಏನೇ ಇರಲಿ, ಅದರ ಪ್ರಕಾರ ನಮ್ಮ ದಿನ ಶುರುವಾಗುವುದು ಬೆಳಗ್ಗೆ 5:30ಕ್ಕೆ. ವರ್ಷ, ತಿಂಗಳು, ದಿನ ತೆಗೆದುಕೊಂಡು ನಮ್ಮ ಝೋನ್‌ನಲ್ಲೇ ಸೊನ್ನೆ ಗಂಟೆಯ ಹೊಸ ಸಮಯ ಕಟ್ಟಬೇಕು. ಇನ್ನೊಂದು: ತೀರಾ ಖಾಲಿ ಕಂಟೇನರ್‌ನಲ್ಲಿ ಟೈಮ್‌ಝೋನ್ ಫೈಲ್‌ಗಳೇ ಇರುವುದಿಲ್ಲ, ಲೊಕೇಶನ್ ಲೋಡ್ ಆಗದೆ ಎರರ್ ಬರುತ್ತದೆ. ಆ ಎರರನ್ನು ನೀವು ಅಂಡರ್‌ಸ್ಕೋರ್‌ಗೆ ಎಸೆದಿದ್ದರೆ, ಅಂದರೆ ನೋಡದೆ ಬಿಟ್ಟಿದ್ದರೆ, ಮುಂದಿನದ್ದು ನಾನು ಹೇಳಬೇಕಿಲ್ಲ. ಟೈಮ್ ಪ್ಯಾಕೇಜಿನ ಕೆಳಗಿರುವ ಟಿಝೆಡ್‌ಡೇಟಾ ಇಂಪೋರ್ಟ್ ಮಾಡಿದರೆ ಆ ಮಾಹಿತಿ ಪ್ರೋಗ್ರಾಮ್ ಒಳಗೇ ಬರುತ್ತದೆ.

ದಿನಾಂಕದ ಮಾದರಿಯೂ ಗೋದಲ್ಲಿ ವಿಚಿತ್ರ. 2006ರ ಜನವರಿ 2ನ್ನು ಹೇಗೆ ಬರೆಯುತ್ತೀರೋ ಅದೇ ಮಾದರಿ. ಅಂದರೆ 01 ತಿಂಗಳು, 02 ದಿನ. ನಮ್ಮವರು ದಿನ ಮೊದಲು ಬರೆಯುವ ಅಭ್ಯಾಸದಲ್ಲಿ "01-02-2006" ಎಂದು ಕೊಡುತ್ತಾರೆ. ತಿಂಗಳ 12ನೇ ತಾರೀಖಿನ ತನಕ ಎರರ್ ಇಲ್ಲ, ದಿನ ತಿಂಗಳು ಅದಲುಬದಲು ಅಷ್ಟೇ. 13ಕ್ಕೆ ಬೀಳುತ್ತದೆ. ಬೇಕಾದದ್ದು "02-01-2006".

ಕನ್ನಡ ಹೆಸರುಗಳ ಉದ್ದ ಇನ್ನೊಂದು ಗುಂಡಿ. ಇಂಗ್ಲಿಷ್‌ನಲ್ಲಿ ಮಾತ್ರ ಟೆಸ್ಟ್ ಮಾಡುವವರಿಗೆ ಇದು ಕಾಣುವುದೇ ಇಲ್ಲ. "ಶ್ರೀರಂಗಪಟ್ಟಣ" ಎಷ್ಟು ಉದ್ದ? ಕಣ್ಣಿಗೆ 6 ಅಕ್ಷರ. ಗೋದಲ್ಲಿ ರೂನ್ (ಒಂದೊಂದು ಯೂನಿಕೋಡ್ ಸಂಕೇತ) ಎಣಿಸಿದರೆ 12, ಏಕೆಂದರೆ ಗುಣಿತ, ಒತ್ತು, ಸೊನ್ನೆ ಎಲ್ಲ ಬೇರೆ ಬೇರೆ. ಲೆನ್ ಕೇಳಿದರೆ 36, ಅದು ಎಣಿಸುವುದು ಬೈಟ್. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್. ಮೂರೂ ಸರಿಯಾದ ಉತ್ತರವೇ, ಬೇರೆ ಬೇರೆ ಪ್ರಶ್ನೆಗೆ. ರಸೀದಿಯಲ್ಲಿ 20 ಬೈಟ್‌ಗೆ ಕತ್ತರಿಸಿದರೆ "ಶ್ರೀರಂ" ಬಂದು ಅದರ ಪಕ್ಕ ಒಂದು ಮುರಿದ ಚೌಕ ಬರುತ್ತದೆ. 10 ರೂನ್‌ಗೆ ಕತ್ತರಿಸಿದರೆ "ಶ್ರೀರಂಗಪಟ್" ಆಗುತ್ತದೆ. ಕಂಡಕ್ಟರ್ ಕೂಗಿದ ಹಾಗೆ! ಎಸ್‌ಎಂಎಸ್‌ಗೆ ಮಾತ್ರ ರೂನ್ ಎಣಿಕೆಯೇ ಸರಿ. ಕನ್ನಡದಲ್ಲಿ ಒಂದು ಎಸ್‌ಎಂಎಸ್‌ಗೆ 70ರ ಮಿತಿ, ಅದು ಹೆಚ್ಚುಕಡಿಮೆ ಇದೇ ಲೆಕ್ಕ.

ಅದೇ ಊರನ್ನು ಹುಡುಕಿದರೆ ಸಿಗದೇ ಇರುವುದೂ ಉಂಟು. ದೀರ್ಘದ "ೀ" ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಗುಡಿಸು ಮತ್ತು ದೀರ್ಘ ಎಂದು ಎರಡಾಗಿಯೂ ಬರೆಯಬಹುದು. ಕಣ್ಣಿಗೆ ಒಂದೇ. ಗೋದ == ಗೆ ಬೇರೆ ಬೇರೆ. ಡೇಟಾಬೇಸ್‌ಗೆ ಹಾಕುವ ಮೊದಲೇ ಗೋ ತಂಡದ ನಾರ್ಮ್ ಪ್ಯಾಕೇಜಿನಿಂದ ಒಂದೇ ರೂಪಕ್ಕೆ ತಂದುಬಿಡಿ. 1992ರಲ್ಲಿ ಯುಟಿಎಫ್-8 ಕಟ್ಟಿದವರೂ ಇದೇ ಥಾಂಪ್ಸನ್ ಮತ್ತು ಪೈಕ್. ಹಾಗಾಗಿ ಗೋದ ಸ್ಟ್ರಿಂಗ್ ಬೈಟ್ ಲೆಕ್ಕದಲ್ಲಿ ಇರುವುದು ಮರೆವಿನಿಂದ ಅಲ್ಲ.

ಎರರ್ ವಿಷಯದಲ್ಲಿ ಒಂದೇ ಒಂದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ಜಾವಾದವರು ಇಲ್ಲಿ ದಿನಗಟ್ಟಲೆ ಒದ್ದಾಡುತ್ತಾರೆ. ನಿಲ್ (ಏನೂ ಇಲ್ಲ) ಎಂದು ಗೊತ್ತಿರುವುದನ್ನೇ ಹಿಂತಿರುಗಿಸಿದ್ದೀರಿ, ಆದರೂ "ನಿಲ್ ಅಲ್ಲ" ಎಂದು ಬರುತ್ತದೆ. ಎರರ್ ಒಂದು ಇಂಟರ್‌ಫೇಸ್. ಅದರಲ್ಲಿ ಟೈಪ್ ಒಂದು, ಬೆಲೆ ಒಂದು. ನಿಮ್ಮದೇ ಎರರ್ ಟೈಪಿನ ನಿಲ್ ಪಾಯಿಂಟರನ್ನು ಅದರೊಳಗೆ ಹಾಕಿದರೆ, ವಿಳಾಸ ಬರೆದ ಖಾಲಿ ಲಕೋಟೆ ಆಗುತ್ತದೆ. ಒಳಗೆ ಕಾಗದ ಇಲ್ಲ, ಆದರೆ ಲಕೋಟೆ ಬಂದಿದೆ ತಾನೇ? ತಪ್ಪಿಲ್ಲದಿದ್ದರೆ ಬರೀ ನಿಲ್ ಎಂದೇ ಬರೆದು ಹಿಂತಿರುಗಿಸಿ. := ಚಿಹ್ನೆಯ ಮೇಲೂ ಒಂದು ಕಣ್ಣಿಡಿ. ಇಫ್ ಒಳಗೆ ಅದನ್ನು ಬರೆದರೆ ಅದೇ ಹೆಸರಿನ ಹೊಸ ವೇರಿಯೇಬಲ್ ಹುಟ್ಟುತ್ತದೆ, ಹೊರಗಿನ ಎರರ್ ಹಾಗೇ ನಿಲ್ ಆಗಿ ಉಳಿಯುತ್ತದೆ.

ಲೂಪ್ ವೇರಿಯೇಬಲ್ ಗೋರೂಟೀನ್‌ಗೆ ಸಿಕ್ಕಿ ಎಲ್ಲರಿಗೂ ಕೊನೆಯ ರೈತರ ಹೆಸರೇ ಬರುವ ಹಳೆಯ ಕಥೆ ಕೇಳಿರುತ್ತೀರಿ. 2024ರ ಫೆಬ್ರುವರಿಯಲ್ಲಿ ಬಂದ ಗೋ 1.22ರಲ್ಲಿ ಅದು ಸರಿಯಾಯಿತು. ಆದರೆ ಕಂಪೈಲರ್ ಹೊಸದಾದರೆ ಸಾಲದು. ಗೋ ಮಾಡ್ ಫೈಲಿನಲ್ಲಿ ಆವೃತ್ತಿ 1.20 ಎಂದೇ ಉಳಿದಿದ್ದರೆ ಹಳೆಯ ವರ್ತನೆಯೇ ಮುಂದುವರಿಯುತ್ತದೆ. ಆ ಸಾಲನ್ನು ಇವತ್ತೇ ನೋಡಿ.

ದುಡ್ಡನ್ನು ಫ್ಲೋಟ್‌ನಲ್ಲಿ ಇಡಬೇಡಿ, ಪೈಸೆಯ ಪೂರ್ಣಾಂಕದಲ್ಲಿ ಇಡಿ. ಇದು ಎಲ್ಲ ಭಾಷೆಯಲ್ಲೂ ಇರುವ ಪಾಠ.

ನಾಳೆ ಆಫೀಸಿಗೆ ಹೋದ ಕೂಡಲೇ ಮಾಡಬೇಕಾದದ್ದು ಒಂದು. ಟೆಸ್ಟ್‌ಗಳನ್ನು ರೇಸ್ ಡಿಟೆಕ್ಟರ್ ಹಾಕಿ ಓಡಿಸಿ. ಬೀಗವಿಲ್ಲದೆ ಇಬ್ಬರು ಒಂದೇ ಜಾಗಕ್ಕೆ ಕೈ ಹಾಕುವುದೇ ರೇಸ್, ಅದನ್ನು ಇದು ಹಿಡಿಯುತ್ತದೆ. ಸಮಯ 2ರಿಂದ 20 ಪಟ್ಟು, ಮೆಮೊರಿ 5ರಿಂದ 10 ಪಟ್ಟು ಜಾಸ್ತಿ ಆಗಬಹುದು, ಹಾಗಾಗಿ ಸರ್ವರ್ ಮೇಲೆ ಸದಾ ಇಡಲಾಗದು. ಅದಕ್ಕೆ ಇನ್ನೊಂದು ಮಿತಿಯೂ ಇದೆ. ಓಡಿದ ದಾರಿಯಲ್ಲಿ ಆದ ರೇಸ್ ಮಾತ್ರ ಅದಕ್ಕೆ ಕಾಣುತ್ತದೆ. ಒಬ್ಬರೇ ಓಡಾಡುವ ಟೆಸ್ಟ್‌ನಲ್ಲಿ ಏನೂ ಸಿಗುವುದಿಲ್ಲ. ಐವತ್ತು ಗೋರೂಟೀನ್ ಒಟ್ಟಿಗೆ ಹಾಲು ಹಾಕುವ ಒಂದು ಟೆಸ್ಟ್ ಬರೆಯಿರಿ. ಅವುಗಳಿಗೆ ಕಾಯಲು ವೇಟ್‌ಗ್ರೂಪ್ ಬಳಸುವಾಗ ಎಣಿಕೆ ಏರಿಸುವುದನ್ನು ಗೋರೂಟೀನ್ ಬಿಡುವ ಮೊದಲೇ ಮಾಡಿ, ಒಳಗೆ ಅಲ್ಲ. ನಿಮ್ಮ ಬೆಳಗಿನ ಜಾವ ಮಧ್ಯಾಹ್ನ ಮೂರಕ್ಕೇ ಬಂದು ನಿಲ್ಲುತ್ತದೆ.

ಕೊನೆಗೆ ಕನ್ನಡ ಹೆಸರುಗಳ ಪ್ರಶ್ನೆ. ಇದನ್ನು ಸಣ್ಣದು ಎಂದಿದ್ದೀರಿ, ನನಗೆ ಇದೇ ಇಷ್ಟವಾಯಿತು. ಗೋದಲ್ಲಿ ಹೆಸರಿಗೆ ಯೂನಿಕೋಡಿನ ಅಕ್ಷರ, ಅಂಕಿ ಮತ್ತು ಅಂಡರ್‌ಸ್ಕೋರ್ ನಡೆಯುತ್ತದೆ. ಆದರೆ ನಮ್ಮ ಗುಣಿತದ ಚಿಹ್ನೆ, ಒತ್ತಿನ ಚಿಹ್ನೆ ಯೂನಿಕೋಡಿನ ಲೆಕ್ಕದಲ್ಲಿ ಅಕ್ಷರಗಳಲ್ಲ. ಹಾಗಾಗಿ ಬರೀ ಮೂಲಾಕ್ಷರದ ಹೆಸರು ಮಾತ್ರ ಕಂಪೈಲ್ ಆಗುತ್ತದೆ. ಅದೂ ಪ್ಯಾಕೇಜಿನ ಹೊರಗೆ ಕಾಣುವುದಿಲ್ಲ, ಏಕೆಂದರೆ ಹೊರಗೆ ಕಾಣಲು ಮೊದಲ ಅಕ್ಷರ ಕ್ಯಾಪಿಟಲ್ ಇರಬೇಕು, ನಮಗೆ ಕ್ಯಾಪಿಟಲ್ಲೇ ಇಲ್ಲ. ಜೇಸನ್ ಟ್ಯಾಗ್‌ನಲ್ಲೂ (ಮಾಹಿತಿ ಹೊರಗೆ ಕಳಿಸುವಾಗ ಫೀಲ್ಡ್‌ಗೆ ಕೊಡುವ ಹೆಸರು) ಇದೇ ಕಾಟ. ಅಲ್ಲಿ "ಹಾಲು" ಎಂದು ಬರೆದರೆ ಎರರ್ ಕೊಡದೆ ಟ್ಯಾಗನ್ನೇ ಪಕ್ಕಕ್ಕಿಟ್ಟು ಇಂಗ್ಲಿಷ್ ಫೀಲ್ಡ್ ಹೆಸರನ್ನು ಹಾಕಿ ಕಳಿಸುತ್ತದೆ. ಕನ್ನಡ ಕೀಗಳೇ ಬೇಕಿದ್ದರೆ ಮ್ಯಾಪ್ ಬಳಸಿ, ಅದರಲ್ಲಿ ಯಾವ ತಕರಾರೂ ಇಲ್ಲ. ಒಂದು ಭಾನುವಾರ ಕೂತು ನಮ್ಮ ಕಡೆಯ ಪದಗಳನ್ನೆಲ್ಲ ವೇರಿಯೇಬಲ್ ಮಾಡಿ ನೋಡಿದೆ. ಹಾಲು ಆಗಲಿಲ್ಲ. ಕಬ್ಬು, ಬೆಲ್ಲ, ಭತ್ತ, ರಾಗಿ, ನೀರು ಒಂದೂ ಆಗಲಿಲ್ಲ. ದರ ಆಯಿತು, ಹಣ ಆಯಿತು.